ಪಾಡ್ರೇಸ್: ಒಂದು ಬೇಸ್‌ಬಾಲ್ ತಂಡದ ಹೆಸರಿನ ಉಚ್ಚಾರಣೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ತಾಗಿದಂತೆ ಸ್ಯಾನ್ ಡಿಯೇಗೊ ನಗರವಿದೆ. ಅಲ್ಲಿನ ವೃತ್ತಿಪರ ಬೇಸ್‌ಬಾಲ್ ತಂಡದ ಹೆಸರನ್ನು ಇಂಗ್ಲಿಷಿನಲ್ಲಿ ಪಿ, ಎ, ಡಿ, ಆರ್, ಇ, ಎಸ್ ಎಂಬ ಆರು ಅಕ್ಷರಗಳಲ್ಲಿ ಬರೆಯುತ್ತಾರೆ. ಆಟವನ್ನು ಕೇಳದೆ ಬರಹವನ್ನಷ್ಟೇ ಕಂಡವರು ಇದನ್ನು ಪ್ಯಾಡರ್ಸ್ ಎಂದೋ ಪೇಡ್ರಸ್ ಎಂದೋ ಓದಿಕೊಳ್ಳುವುದು ಸಹಜವೇ ಆದರೂ ಆ ಎರಡೂ ಸರಿಯಲ್ಲ. ಅಲ್ಲಿನ ಇಂಗ್ಲಿಷ್ ವೀಕ್ಷಕ ವಿವರಣೆಕಾರರು ಹೇಳುವುದು ಪಾಡ್ರೇಸ್ ಎಂದು. ನಿಧಾನವಾಗಿ ಮತ್ತೊಮ್ಮೆ ಹೇಳುತ್ತೇನೆ: ಪಾಡ್‌-ರೇಸ್. ಮೊದಲ ಸ್ವರ ನಮ್ಮ ದೀರ್ಘ ಆಕಾರ, ಎರಡನೆಯದು ದೀರ್ಘ ಏಕಾರ, ಒತ್ತು ಬೀಳುವುದು ಮೊದಲ ಭಾಗದ ಮೇಲೆ. ಕೊನೆಯ ಸಕಾರ ಅವರ ಬಾಯಲ್ಲಿ ಗುಂಯ್‌ಗುಡುವ ಜ಼ಕಾರವಾಗಿ ಕೇಳಿಸುತ್ತದೆ. ಅದನ್ನು ಸಕಾರವಾಗಿಯೇ ಉಳಿಸಿಕೊಂಡರೆ ನಮಗೆ ನಷ್ಟವೇನೂ ಇಲ್ಲ.

ಹೆಸರು ಸ್ಪ್ಯಾನಿಷ್ ಭಾಷೆಯದು. 1769ರ ಜುಲೈ 16ರಂದು ಹುನಿಪೆರೊ ಸೆರ್ರಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಸ್ಯಾನ್ ಡಿಯೇಗೊದಲ್ಲಿ ಒಂದು ಮಿಷನ್, ಅಂದರೆ ಕ್ರೈಸ್ತ ಮತಪ್ರಚಾರದ ನೆಲೆ, ಸ್ಥಾಪಿಸಿದರು. ಈಗಿನ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆ ಪಂಥದವರು ಒಂದಾದ ಮೇಲೊಂದರಂತೆ ಕಟ್ಟಿದ 21 ಮಿಷನ್‌ಗಳಲ್ಲಿ ಅದೇ ಮೊದಲನೆಯದು. ಹಾಲಿವುಡ್‌ನಲ್ಲಿದ್ದ ಒಂದು ಬೇಸ್‌ಬಾಲ್ ತಂಡ 1936ರಲ್ಲಿ ಈ ಊರಿಗೆ ಬಂದು ನೆಲೆಸಿದಾಗ ಪಾದ್ರಿಗಳ ನೆನಪಿನ ಆ ಹೆಸರನ್ನು ಇಟ್ಟುಕೊಂಡಿತು. ಮುಂದೆ ಬೇಸ್‌ಬಾಲ್‌ನ ಮಹಾನ್ ದಾಂಡಿಗರಲ್ಲಿ ಒಬ್ಬರೆನಿಸಿದ ಟೆಡ್ ವಿಲಿಯಮ್ಸ್ ಇದೇ ಊರಿನ ಹುಡುಗ. ಅವರು ವೃತ್ತಿಪರ ಆಟಕ್ಕೆ ಕಾಲಿಟ್ಟದ್ದೂ ಆ ತಂಡದಲ್ಲಿಯೇ. 1969ರಲ್ಲಿ ನಗರಕ್ಕೆ ಮೇಜರ್ ಲೀಗ್, ಅಂದರೆ ಅಲ್ಲಿನ ಅತ್ಯುನ್ನತ ಮಟ್ಟದ ಬೇಸ್‌ಬಾಲ್ ಲೀಗಿನ, ತಂಡ ದೊರೆತಾಗ ಹಳೆಯ ಹೆಸರೇ ಅದಕ್ಕೂ ಸಂದಿತು. ಕಂದು ನಿಲುವಂಗಿ ತೊಟ್ಟು, ಬೋಳು ನೆತ್ತಿಯ ಸುತ್ತ ಕೂದಲಿನ ಬಳೆ ಬಿಟ್ಟುಕೊಂಡು, ಬ್ಯಾಟು ಬೀಸುವ ದುಂಡನೆಯ ಸನ್ಯಾಸಿಯೊಬ್ಬ ಇಂದಿಗೂ ತಂಡದ ಲಾಂಛನಗಳಲ್ಲಿ ಕಾಣಿಸಿಕೊಳ್ಳುತ್ತಾನೆ.

ನಾವು ದಿನವೂ ಬಳಸುವ ಪಾದ್ರಿ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು. ಸ್ಪ್ಯಾನಿಷಿನ ಪಾದ್ರೆಗೆ ಅದು ಒಡಹುಟ್ಟು. ಈ ನಂಟಿನಿಂದಾಗಿ ಕನ್ನಡಿಗರಿಗೆ ಅನುಕೂಲವೂ ಇದೆ, ತೊಡಕೂ ಇದೆ. ಮೊದಲ ಆಕಾರವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರೂಢಿಯ ಬಲದಿಂದ ಪಾದ್ರೀಸ್ ಎಂದುಬಿಟ್ಟರೆ ಕೊನೆಯ ಸ್ವರ ಕೆಟ್ಟಿತು. ಬ್ರಿಟಿಷ್ ಸೇನೆಯ ಧರ್ಮಗುರುಗಳನ್ನು ಕರೆಯುವ ಇಂಗ್ಲಿಷ್ ಮಾತಿಗೆ ಪಾಡ್ರಿ ಎಂಬ ಉಚ್ಚಾರಣೆಯೂ ಉಂಟು ಎನ್ನುವುದು ನಿಜ. ಆಟದ ತಂಡಕ್ಕೆ ಮಾತ್ರ ಅದು ಸಲ್ಲುವುದಿಲ್ಲ.

ಇನ್ನು ನಡುವಿನ ವ್ಯಂಜನ. ರೋಮನ್ ಲಿಪಿ ಒಂದೇ ಅಕ್ಷರದಲ್ಲಿ ಮುಚ್ಚಿಟ್ಟಿರುವ ವ್ಯತ್ಯಾಸವನ್ನು ನಮ್ಮ ಲಿಪಿ ದಕಾರ, ಡಕಾರಗಳೆಂದು ಬಿಡಿಸಿ ತೋರಿಸಬಲ್ಲದು. ಸ್ಪ್ಯಾನಿಷ್ ಮಾತಾಡುವವರು ಇಲ್ಲಿ ನಾಲಗೆಯ ತುದಿಯನ್ನು ಹಲ್ಲಿಗೆ ಮೆಲ್ಲನೆ ತಾಕಿಸಿಯೂ ತಾಕಿಸದಂತೆ, ಉಸಿರನ್ನು ಪೂರ್ತಿ ತಡೆಯದೆ, ಮೃದುವಾದ ದಕಾರವನ್ನು ನುಡಿಯುತ್ತಾರೆ. ಅದರ ಮುಂದಿನ ಎಕಾರ ಹ್ರಸ್ವ, ಕೊನೆಗೆ ಅಪ್ಪಟ ಸಕಾರ. ಹೀಗಾಗಿ ಅವರದು ಪಾದ್ರೆಸ್. ಅಮೆರಿಕದ ಇಂಗ್ಲಿಷಿನವರ ನಾಲಗೆ ಹಲ್ಲನ್ನು ಬಿಟ್ಟು ಅದರ ಹಿಂದಿನ ವಸಡಿಗೆ ತಗಲುತ್ತದೆ. ರಕಾರದ ಜೊತೆ ಸೇರಿದಾಗ ಆ ಧ್ವನಿಗೆ ತುಸು ಜಕಾರದ ಛಾಯೆಯೂ ಬರುವುದನ್ನು ಕಿವಿಗೊಟ್ಟು ಆಲಿಸಿದರೆ ಗುರುತಿಸಬಹುದು.

ಇವೆರಡರಲ್ಲಿ ಮೂಲಭಾಷೆಯದೇ ಸರಿ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಗಡಿಯಾಚೆಯ ತಿಹ್ವಾನಾ ನಗರದಲ್ಲಿಯೂ ಅಭಿಮಾನಿಗಳನ್ನು ಪಡೆದಿರುವ ಈ ತಂಡದ ಪಂದ್ಯಗಳಿಗೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬಾನುಲಿ ವಿವರಣೆ ಇರುವುದರಿಂದ, ಒಂದೇ ಆಟಕ್ಕೆ ಒಂದು ಕಡೆ ಪಾಡ್ರೇಸ್ ಎಂದೂ ಇನ್ನೊಂದು ಕಡೆ ಪಾದ್ರೆಸ್ ಎಂದೂ ಕೇಳಿಬರುತ್ತದೆ, ಮತ್ತು ಆಯಾ ಭಾಷೆಯಲ್ಲಿ ಆಯಾ ರೂಪವೇ ಸಾಧು. ಸ್ಪ್ಯಾನಿಷ್ ಹೆಸರುಗಳು ಕ್ಯಾಲಿಫೋರ್ನಿಯಾದಲ್ಲಿ ಒಂದೇ ನಿಯಮಕ್ಕೆ ಬಗ್ಗಿಲ್ಲ ಎಂಬುದಕ್ಕೆ ಸ್ಯಾನ್ ಡಿಯೇಗೊದೊಳಗೇ ಸಾಕ್ಷಿಯಿದೆ: ಜೆ ಅಕ್ಷರವಿಟ್ಟು ಬರೆಯುವ ಅಲ್ಲಿನ ಕಡಲತೀರದ ಬಡಾವಣೆಯನ್ನು ಇಂಗ್ಲಿಷ್ ಮಾತಾಡುವವರೂ ಲಾ ಹೋಯಾ ಎಂದೇ ಕರೆಯುತ್ತಾರೆ, ಜೋಲಾ ಎಂದವನನ್ನು ಪರಸ್ಥಳದವನೆಂದು ತಿಳಿಯುತ್ತಾರೆ. ಅದೇ ಉತ್ತರಕ್ಕೆ ಹೋಗಿ ಲಾಸ್ ಏಂಜಲೀಸಿನ ಬಂದರು ಪ್ರದೇಶವನ್ನು ತಲುಪಿದರೆ, ಸ್ಪ್ಯಾನಿಷಿನಲ್ಲಿ ಪೆದ್ರೊ ಆಗಬೇಕಾದದ್ದು ಸ್ಥಳೀಯರ ಬಾಯಲ್ಲಿ ಸ್ಯಾನ್ ಪೀಡ್ರೊ ಆಗಿ ಕುಳಿತಿದೆ. ನಗರದ ಹೆಸರೂ ಅಷ್ಟೇ: ಕನ್ನಡದಲ್ಲಿ ಡಿಯಾಗೊ ಎಂಬ ಬರಹ ಕಾಣಸಿಗುತ್ತದೆ, ಆದರೆ ಆ ನಡುವಿನ ಸ್ವರ ಏಕಾರವೇ ಹೊರತು ಆಕಾರವಲ್ಲ.

ಕನ್ನಡದಲ್ಲಿ ಸುದ್ದಿ ಓದುವವರಿಗೆ, ಬರೆಯುವವರಿಗೆ ನನ್ನ ಸಲಹೆ ಪಾಡ್ರೇಸ್ ಎಂಬುದು, ಏಕೆಂದರೆ ಈ ಆಟದ ಸುದ್ದಿ ನಮಗೆ ಬರುವುದು ಇಂಗ್ಲಿಷಿನ ದಾರಿಯಲ್ಲಿ. ಒಬ್ಬನೇ ಆಟಗಾರನನ್ನು ಕುರಿತು ಹೇಳುವಾಗ ಕೊನೆಯ ಸಕಾರ ಬಿದ್ದುಹೋಗಿ ಪಾಡ್ರೇ ಎಂದಷ್ಟೇ ಉಳಿಯುತ್ತದೆ. 1982ರಿಂದ 2001ರವರೆಗೆ ಇದೊಂದೇ ತಂಡಕ್ಕೆ ಆಡಿ, 3,141 ಹಿಟ್‌ಗಳನ್ನು ಗಳಿಸಿ, ಎಂಟು ಬಾರಿ ತಮ್ಮ ಲೀಗಿನ ಬ್ಯಾಟಿಂಗ್ ಪಟ್ಟವನ್ನು ಗೆದ್ದ ಟೋನಿ ಗ್ವಿನ್ ಅವರನ್ನು ಊರಿನವರು ಕರೆಯುತ್ತಿದ್ದುದು ಮಿಸ್ಟರ್ ಪಾಡ್ರೇ ಎಂದು.

ನಮಸ್ಕಾರ.