ಮೆಟ್ಟಿಲಿಗೆ ಕಾರ್ಪೆಟ್ ರನ್ನರ್ ಹಾಕೋಕೆ ಹೋಗಿ ಒಂಬತ್ತನೇ ಮೆಟ್ಟಿಲಲ್ಲಿ ಎಡವಿದ ಕತೆ

ಗೋಡೆಗೆ ಒರಗಿ ನಿಂತಿರೋ ಆ ದಪ್ಪ ಸುರುಳಿ ಕಾಣ್ತಿದೆಯಲ್ಲ, ಅದೇ ರನ್ನರ್, ಮೆಟ್ಟಿಲ ನಡುವೆ ಉದ್ದಕ್ಕೂ ಹಾಸೋ ಕಿರಿದಾದ ಕಾರ್ಪೆಟ್. ಎರಡು ವಾರದಿಂದ ಹಾಗೇ ನಿಂತಿತ್ತು. ಬಂದವರೆಲ್ಲ ಇದೇನು, ಇದೇನು ಅಂತ ಕೇಳಿ ಕೇಳಿ, ಕೊನೆಗೆ ನಾಚಿಕೆಗೆ ಇವತ್ತು ಕೆಲಸಕ್ಕೆ ಇಳಿದೆ. ಕ್ಯಾಮೆರಾ ಹಿಡಿದಿರೋದು ನನ್ನ ತಮ್ಮ. ಅದಕ್ಕೇ ಅರ್ಧ ವಿಡಿಯೋ ಪೂರ್ತಿ ನನ್ನ ಹಿಮ್ಮಡಿ.

ನಮ್ಮದು ಮರದ ಮೆಟ್ಟಿಲು. ನಿಮ್ಮದು ಕಲ್ಲು, ಸಿಮೆಂಟು ಆಗಿದ್ರೆ ಈ ಪಿನ್ ಹೊಡೆಯೋ ಸ್ಟೇಪಲ್ ಗನ್ ಕತೆ ನಡೆಯಲ್ಲ, ಮೊದಲೇ ಹೇಳಿಬಿಡ್ತೀನಿ.

ಅಳತೆ ಹಿಡಿಯೋವಾಗ ಸುಮಾರು ಜನ ಕಾಲಿಡೋ ಹಲಗೆ ಮಾತ್ರ ಲೆಕ್ಕ ಹಾಕ್ತಾರೆ. ಎದುರಿಗೆ ನಿಂತಿರೋ ಹಲಗೆಗೂ ಬಟ್ಟೆ ಬೇಕಲ್ಲಪ್ಪ! ನಮ್ಮನೇಲಿ ಕಾಲಿಡೋದು 10 ಇಂಚು, ನಿಂತಿರೋದು 7, ಮುಂದಕ್ಕೆ ಚಾಚಿರೋ ಮೂತಿ ಸುತ್ತಿ ಬರೋಕೆ ಇನ್ನೊಂದು. ಒಟ್ಟು 18. 13 ಮೆಟ್ಟಿಲಿಗೆ 234 ಇಂಚು, ಅಂದ್ರೆ ಹತ್ತೊಂಬತ್ತೂವರೆ ಅಡಿ. ಕೈತಪ್ಪಿಗೆ ಅಂತ ಒಂದಡಿ ಜಾಸ್ತಿ.

ಇಲ್ಲಿ ನಾನು ಕಾರ್ಪೆಟ್ ಸವರ್ತಾ ಕೂತಿರೋದು ಮುದ್ದಿಗಲ್ಲ. ಬೆಕ್ಕಿನ ಬೆನ್ನು ಸವರಿದ ಹಾಗೆ, ಒಂದು ಕಡೆ ನುಣ್ಣಗೆ ಹೋಗುತ್ತೆ, ಇನ್ನೊಂದು ಕಡೆ ಎಳೆ ಎದ್ದು ನಿಲ್ಲುತ್ತೆ. ನುಣ್ಣಗೆ ಹೋಗೋ ದಿಕ್ಕು ಕೆಳಗೆ ಬರಬೇಕು. ಉಲ್ಟಾ ಹಾಕಿದ್ರೆ ಮೂತಿ ಹತ್ರ ಎಳೆ ಬಾಯಿಬಿಟ್ಕೊಂಡು ಅಡಿಭಾಗ ಕಾಣುತ್ತೆ.

ಕಾರ್ಪೆಟ್ ಕೆಳಗೆ ಹಾಕೋ ಮೆತ್ತನೆ ಪ್ಯಾಡು ಬರೀ ದಂಡ ಅಂತ ಬೆಳಗ್ಗೆ ಭಾಷಣ ಬಿಗಿದಿದ್ದೆ. ಎರಡು ಮೆಟ್ಟಿಲಿಗೆ ಹಾಕಿ ಹತ್ತಿ ನೋಡಿದ್ಮೇಲೆ ಆ ಮಾತು ವಾಪಸ್ ತಗೊಂಡೆ. ರನ್ನರ್‌ಗಿಂತ ಎರಡಿಂಚು ಕಿರಿದಾಗಿ ಕತ್ತರಿಸಿ, ಅಷ್ಟೇ. ಇಲ್ಲದಿದ್ರೆ ಪಕ್ಕದಲ್ಲಿ ಲಂಗ ಇಣುಕಿದ ಹಾಗೆ ಇಣುಕುತ್ತೆ.

ಗ್ರಿಪ್ಪರ್ ಪಟ್ಟಿ ಅಂತ ಬರುತ್ತೆ, ಕಾರ್ಪೆಟ್ ಕಚ್ಚಿ ಹಿಡಿಯೋಕೆ ಮೈತುಂಬಾ ಓರೆ ಮುಳ್ಳಿರೋ ಮರದ ಪಟ್ಟಿ. ಕೈಗೆ ಚುಚ್ಚುತ್ತೆ, ನಂಗೆ ಬೇಡ ಅಂದೆ. ಬರೀ ಸ್ಟೇಪಲ್ ಸಾಕು ಅಂದೆ. ನೆನಪಿಟ್ಕೊಳ್ಳಿ ಇದನ್ನ.

ಮೇಲಿಂದ ಶುರು. ನೋಡಿ, ಬೈತಲೆ ತೆಗೆದ ಹಾಗೆ ಬೆರಳಲ್ಲಿ ಎಳೆ ಬಿಡಿಸಿ, ಆ ಸಂದಿಗೆ ಗನ್ ಒತ್ತಿ ಹೊಡೀಬೇಕು. ಆಮೇಲೆ ಎಳೆ ಮುಚ್ಕೊಳ್ಳುತ್ತೆ, ಪಿನ್ ಎಲ್ಲಿದೆ ಅಂತ ನಂಗೇ ಗೊತ್ತಾಗಲ್ಲ. ಮೂತಿ ಕೆಳಗೆ ಒಂದು ಸಾಲು, ಎರಡು ಹಲಗೆ ಕೂಡೋ ಮೂಲೆಯಲ್ಲಿ ಒಂದು ಸಾಲು. ಒಂದೊಂದು ಸಾಲಿಗೆ 9 ಪಿನ್.

ಒಂಬತ್ತನೇ ಮೆಟ್ಟಿಲು ಮುಗೀತು. ತಮ್ಮ ಕೆಳಗಡೆಯಿಂದ, "ಅಕ್ಕಾ, ಇದು ಎಡಕ್ಕೆ ಹೋಗ್ತಿದೆ" ಅಂದ. ನೀನು ಕ್ಯಾಮೆರಾ ಓರೆ ಹಿಡಿದಿದೀಯ ಅಂತ ಬೈದೆ. ಇಳಿದು ಬಂದು ನೋಡ್ತೀನಿ, ಎಡಗಡೆ ಗೋಡೆಯಿಂದ ನಾಲ್ಕೂವರೆ ಇಂಚು, ಬಲಗಡೆ ಐದೂವರೆ! ತಪ್ಪು ಪೂರ್ತಿ ನಂದೇ. ಪ್ರತಿ ಮೆಟ್ಟಿಲಿಗೂ ಎಡಗಡೆ ಗೋಡೆಯಿಂದಲೇ ಅಳೆದಿದ್ದೆ. ಗೋಡೆ ನೆಟ್ಟಗಿರುತ್ತೆ ಅಂತ ನಂಬಿದ್ದೆ. ಅದು ಕೆಳಗೆ ಬರ್ತಾ ಬರ್ತಾ ಹೊರಕ್ಕೆ ಸರಿದಿದೆ, ಮೆಟ್ಟಿಲಿಗೆ ಮೂರು ಮಿಲಿಮೀಟರು. ಒಂದು ಮೆಟ್ಟಿಲಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಎಂಟು ಸಲ ಸೇರಿದ್ರೆ ಹೆಚ್ಚುಕಮ್ಮಿ ಒಂದು ಇಂಚು. ಕೆಳಗೆ ನಿಂತು ನೋಡಿದ್ರೆ ಇಡೀ ರನ್ನರ್ ಎಡಕ್ಕೆ ವಾಲಿದ ಹಾಗೆ.

ಹಾಗೇ ಬಿಡೋಣ ಅಂತ ಹತ್ತು ನಿಮಿಷ ಕೂತೆ. ಈ ಶಾಟ್ ಅದೇ, ಕಾಫಿ ಲೋಟ ಹಿಡ್ಕೊಂಡು ಮೆಟ್ಟಿಲನ್ನ ದುರುಗುಟ್ಟಿ ನೋಡ್ತಿರೋದು. ಆಮೇಲೆ ಒಂಬತ್ತನ್ನೂ ಕಿತ್ತೆ. ಒಂಬತ್ತು ಹದಿನೆಂಟ್ಲೆ 162 ಪಿನ್. ಸ್ಕ್ರೂಡ್ರೈವರ್ ತುದಿಯಲ್ಲಿ ಎಬ್ಬಿಸು, ಇಕ್ಕಳದಲ್ಲಿ ಎಳಿ. ಅರ್ಧಕ್ಕರ್ಧ ಪಿನ್ನುಗಳಲ್ಲಿ ಒಂದು ಕಾಲು ಕೈಗೆ ಬರುತ್ತೆ, ಇನ್ನೊಂದು ಮರದಲ್ಲೇ ಮುರಿದು ನಿಲ್ಲುತ್ತೆ. ಒಂದನ್ನ ಹುಡುಕಿದ್ದು ಕೈಯಲ್ಲ, ಹಿಮ್ಮಡಿ. ತಮ್ಮ ಕ್ಯಾಮೆರಾದಲ್ಲಿ ನನ್ನ ಹಿಮ್ಮಡಿ ಹಿಡಿದು ಹಿಡಿದು ಇಟ್ಟಿದ್ದು ಕೊನೆಗೂ ಉಪಯೋಗಕ್ಕೆ ಬಂತು. ಗ್ರಿಪ್ಪರ್ ಪಟ್ಟಿ ಇದ್ದಿದ್ರೆ ಮುಳ್ಳಿನಿಂದ ಎತ್ತಿ, ಸರಿಸಿ, ಮತ್ತೆ ಸಿಕ್ಕಿಸಬಹುದಿತ್ತು. ಚುಚ್ಚಿದ್ರೆ ಚುಚ್ಚಲಿ, ಮುಂದಿನ ಸಲ ಅದೇ.

ಈ ಸಲ ಗಾರೆ ಕೆಲಸದವರ ಹಾಗೆ ನೂಲು ಹಿಡಿದ್ವಿ. ಮೇಲಿನ ಮೆಟ್ಟಿಲಿನ ನಡುಮಧ್ಯ ಒಂದು ಮೊಳೆ, ಕೆಳಗಿನದಕ್ಕೆ ಒಂದು, ಮಧ್ಯೆ ಬಿಗಿಯಾಗಿ ದಾರ. ದಾರ ಮೂತಿಗೆ ತಾಗೋ ಕಡೆ ಪೆನ್ಸಿಲ್ ಗುರುತು. ರನ್ನರ್ ಹಿಂಭಾಗಕ್ಕೂ ನಡುವೆ ಒಂದು ಗೆರೆ. ಗುರುತಿಗೆ ಗೆರೆ ಕೂಡಿಸ್ತಾ ಬಂದ್ರಾಯ್ತು. ಗೋಡೆ ಎಲ್ಲಾದ್ರೂ ಹೋಗ್ಲಿ.

ಎಲ್ಲ ಕಿತ್ತು ಹಾಕಿದ್ವಲ್ಲ, ಐದನೇ ಮೆಟ್ಟಿಲಿಗೆ ಒಂದು ಸ್ಕ್ರೂ ಬಿಗಿದುಬಿಡೋಣ, ಕಿರ್ ಅನ್ನುತ್ತೆ ಅಂದೆ. ಕಾರ್ಪೆಟ್ ಕೂತ ಮೇಲೆ ಆ ಕೆಲಸ ಕಷ್ಟ. ತಮ್ಮ ಖುಷಿಯಿಂದ ಡ್ರಿಲ್ ತಂದ. ರಾತ್ರಿ ತಡವಾಗಿ ಬಂದಾಗೆಲ್ಲ ಅವನು ಸಿಕ್ಕಿಬೀಳೋದು ಆ ಮೆಟ್ಟಿಲಿಂದಲೇ. ಒಂದು ಸಲ ಶೂ ಕೈಯಲ್ಲಿ ಹಿಡ್ಕೊಂಡು, ನಾಲ್ಕರಿಂದ ಆರಕ್ಕೆ ಹಾರೋಕೆ ಹೋಗಿ... ಅಯ್ಯೋ, ಶಾಟ್ ಮುಗೀತಿದೆ. ಕೊನೇ ಮೆಟ್ಟಿಲು, ತುದಿ ಒಳಕ್ಕೆ ಮಡಚಿ ನೆಲದ ಹತ್ರ ಒಂದು ಸಾಲು ಸ್ಟೇಪಲ್, ಆಯ್ತು.

ಕಿರ್ ಅಂದದ್ದು ಕೇಳಿಸ್ತಾ? ಐದನೇದೇ. ಸ್ಕ್ರೂ ಹಾಕೋಕೆ ಅಮ್ಮ ಬಿಡ್ಲಿಲ್ಲ.