ಹಳೆಯ ಹಾಡು, ಮತ್ತೊಮ್ಮೆ ಸ್ಟುಡಿಯೋದಲ್ಲಿ

ಸ್ನೇಹಿತರೇ, ಸಂಕಲನದ ಆಲ್ಬಂ ಎಂದರೆ ಹಳೆಯ ಸರಕನ್ನೇ ಹೊಸ ಹೊದಿಕೆಯಲ್ಲಿ ಮಾರುವುದು ಎಂದು ಪ್ರೊಗ್ರೆಸಿವ್ ರಾಕ್, ಅಂದರೆ ಉದ್ದನೆಯ, ಸಂಕೀರ್ಣ ರಚನೆಗಳ ರಾಕ್ ಸಂಗೀತದ ಪ್ರಿಯರು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. ಎರಡು ಸಂಕಲನಗಳ ವಿಷಯದಲ್ಲಿ ನಾನು ಈ ಮಾತು ಒಪ್ಪುವುದಿಲ್ಲ. ಹಾಡೊಂದರ ಜೀವ ಎಲ್ಲಿರುತ್ತದೆ ಎಂಬುದನ್ನು ಅವು ಕಿವಿಗೇ ತೋರಿಸಿಕೊಡುತ್ತವೆ.

ಮೊದಲನೆಯದು ಪಿಂಕ್ ಫ್ಲಾಯ್ಡ್ ತಂಡದ 1981ರ ಸಂಕಲನ. ಅದಕ್ಕೆ 1973ರ 'ಮನಿ' ಹಾಡು ಬೇಕಿತ್ತು. ಅಮೆರಿಕದಲ್ಲಿ ಅದರ ಹಕ್ಕು ಕ್ಯಾಪಿಟಲ್ ಕಂಪನಿಯ ಕೈಯಲ್ಲಿತ್ತು, ತಂಡ ಅಷ್ಟರಲ್ಲಿ ಅಲ್ಲಿ ಕೊಲಂಬಿಯಾ ಸೇರಿಯಾಗಿತ್ತು. ಕ್ಯಾಪಿಟಲ್ ಬಿಟ್ಟುಕೊಡಲಿಲ್ಲ. ಹಾಗಾಗಿ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಇಡೀ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್, ಗಾಯನ ಎಲ್ಲವೂ ಅವರದೇ; ಸ್ಯಾಕ್ಸೋಫೋನಿಗೆ ಮಾತ್ರ ಮೂಲದಲ್ಲಿ ನುಡಿಸಿದ್ದ ಡಿಕ್ ಪ್ಯಾರಿ ಬಂದರು.

ಮೂಲ ಹಾಡು ಹುಟ್ಟಿದ ಬಗೆ ನೋಡಿ. ತಂಡದ ಬೇಸ್ ವಾದಕ ರೋಜರ್ ವಾಟರ್ಸ್ ತಮ್ಮ ಹೆಂಡತಿ ಮಣ್ಣು ಕಲಸುತ್ತಿದ್ದ ಬೋಗುಣಿಗೆ ನಾಣ್ಯ ಎಸೆದು ಸದ್ದು ಹಿಡಿದರು. ಅಂಥ ಸದ್ದುಗಳಿದ್ದ ಟೇಪನ್ನು ಅಳೆದು, ತುಂಡರಿಸಿ, ಅಂಟಿಸಿ, ಮತ್ತೆ ಮತ್ತೆ ತಿರುಗಿ ಬರುವ ಸುತ್ತು ಮಾಡಿದರು. ಅದೇ ಹಾಡಿನ ತಾಳವಾಯಿತು: ಆವರ್ತಕ್ಕೆ ಏಳು ಎಣಿಕೆ. ಮಿಶ್ರ ಚಾಪು ಹಾಕಿ ಅಭ್ಯಾಸವಿರುವ ನಮ್ಮವರಿಗೆ ಏಳರ ಲೆಕ್ಕವೇನೂ ತೊಡಕಲ್ಲ. ಸ್ಯಾಕ್ಸೋಫೋನ್ ಏಳರಲ್ಲೇ ನಡೆದು, ಗಿಟಾರಿನ ಸರದಿ ಬಂದಾಗ ಹಾಡು ನಾಲ್ಕಕ್ಕೆ ಹೊರಳುತ್ತದೆ. 1973ರ ರೆಕಾರ್ಡಿನಲ್ಲಿ ಆ ಹೊರಳಿನಲ್ಲಿ ನಾಲ್ವರೂ ಒಟ್ಟಿಗೆ ಓಟ ಕಿತ್ತಂತೆ ಕೇಳುತ್ತದೆ. 1981ರದ್ದರಲ್ಲಿ ಲೆಕ್ಕ ಎಲ್ಲೂ ತಪ್ಪಿಲ್ಲ, ಗಿಟಾರಂತೂ ಸೊಗಸಾಗಿದೆ. ಆದರೆ ನಿಕ್ ಮೇಸನ್‌ರ ಡ್ರಮ್ಸ್ ಇಲ್ಲ, ರಿಚರ್ಡ್ ರೈಟ್‌ರ ಕೀಬೋರ್ಡ್ ಇಲ್ಲ. ಒಬ್ಬರನ್ನೊಬ್ಬರು ಎಳೆದಾಡುವ ಆ ಜಗ್ಗಾಟವೇ ಮಾಯ. ಗಿಲ್ಮೋರ್ ಎಷ್ಟೇ ದೊಡ್ಡ ಕಲಾವಿದರಾದರೂ ತಮ್ಮೊಂದಿಗೆ ತಾವೇ ಜಗ್ಗಾಡಲಾರರು.

ಎರಡನೆಯದು ಜೆನೆಸಿಸ್ ತಂಡದ್ದು. 1974ರ 'ದ ಕಾರ್ಪೆಟ್ ಕ್ರಾಲರ್ಸ್' ಹಾಡನ್ನು 1999ರ ಸಂಕಲನಕ್ಕೆ ಟ್ರೆವರ್ ಹಾರ್ನ್ ನಿರ್ಮಾಣದಲ್ಲಿ ಮತ್ತೆ ರೆಕಾರ್ಡ್ ಮಾಡಿದರು. ಮೂಲ ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲೇ ತಂಡ ಬಿಟ್ಟಿದ್ದರು, ಸ್ಟೀವ್ ಹ್ಯಾಕೆಟ್ 1977ರಲ್ಲಿ, ಫಿಲ್ ಕಾಲಿನ್ಸ್ 1996ರಲ್ಲಿ. ಟೋನಿ ಬ್ಯಾಂಕ್ಸ್, ಮೈಕ್ ರದರ್‌ಫರ್ಡ್ ಜೊತೆ ಈ ಮೂವರೂ ಒಂದೇ ಹಾಡಿಗೆ ಮರಳಿದರು. ಹಾರ್ನ್ ಕೊಟ್ಟ ನುಣುಪು ನನಗೆ ಸ್ವಲ್ಪ ಅತಿಯೆನಿಸುತ್ತದೆ. ಮೂಲದ ಮಂದ್ರವಾದ ಏರಿಕೆ ಅದರಲ್ಲಿ ಕರಗಿಹೋಗಿದೆ. ಆದರೂ ಗೇಬ್ರಿಯಲ್ ಹಾಡಿದ ಮೇಲೆ ಕಾಲಿನ್ಸ್ ಚರಣ ಎತ್ತಿಕೊಳ್ಳುವಾಗ ನನ್ನ ತಕರಾರು ಅಡಗಿಹೋಗುತ್ತದೆ. 1974ರಲ್ಲಿ ಕಾಲಿನ್ಸ್ ಡ್ರಮ್ಸ್ ಹಿಂದೆ ಕೂತು ದನಿಗೂಡಿಸಿದವರು. ಗೇಬ್ರಿಯಲ್ ಹೋದ ನಂತರ ಅವರ ಜಾಗದಲ್ಲಿ ನಿಂತು ವರ್ಷಗಟ್ಟಲೆ ಹಾಡಿದವರು. ಇಲ್ಲಿ ಇಬ್ಬರಿಗೂ ಹಾಡಿನಲ್ಲಿ ಪಾಲಿದೆ.

ಈಗ ಮೊದಲು 1974ರದ್ದನ್ನು ಹಾಕುತ್ತೇನೆ, ಆಮೇಲೆ 1999ರದ್ದು. ದನಿ ಬದಲಾಗುವ ಚರಣಕ್ಕೆ ಕಿವಿಗೊಡಿ.