ಶುಕ್ರವಾರ ರಜೆ, ಗುರುವಾರ ಕತ್ತಲು

ಸ್ಕ್ರೀನ್ ಕಪ್ಪಗಿದೆ ಅಂತ ಬ್ರೈಟ್‌ನೆಸ್ ಏರಿಸೋಕೆ ಹೋಗ್ಬೇಡಿ, ನಿಮ್ಮ ಫೋನ್ ಸರಿಯಾಗೇ ಇದೆ. ಇದು ಕಾರವಾರದ ಟಾಗೋರ್ ಬೀಚು. ಗುರುವಾರ, ರಾತ್ರಿ ಏಳೂಮುಕ್ಕಾಲು. ತೆರೆ ಸದ್ದು ಕೇಳ್ತಿದೆಯಲ್ಲ, ಅಷ್ಟೇ ಇವತ್ತಿನ ಸಮುದ್ರ.

ನನ್ನ ಆಫೀಸಿಂದ ಇಲ್ಲಿಗೆ ನಡ್ಕೊಂಡು ಬಂದ್ರೆ ಹತ್ತು ನಿಮಿಷ. ಮೊದ್ಲು ಆರಕ್ಕೆ ಕೆಲಸ ಬಿಟ್ಟು ಬಂದ್ರೆ, ಡಿಸೆಂಬರಲ್ಲೂ ಕೊನೇ ಕೆಂಪಾದ್ರೂ ಸಿಗ್ತಿತ್ತು. ಸೆಪ್ಟೆಂಬರ್ ಆದ್ಮೇಲೆ ಸೋಮವಾರದಿಂದ ಗುರುವಾರದ ತನಕ ಒಂದು ಸೂರ್ಯಾಸ್ತವನ್ನೂ ನೋಡಿಲ್ಲ. ಕಾರಣ ಕೇಳಿದ್ರೆ ನಗ್ತೀರಿ. ನಮ್ಮಲ್ಲೀಗ ವಾರಕ್ಕೆ ನಾಲ್ಕೇ ದಿನ ಕೆಲಸ.

"ಪುಣ್ಯವಂತೆ ಮಾರಾಯ್ತಿ ನೀನು" ಅಂತಾರೆ ಎಲ್ರೂ. ಪುಣ್ಯದ ಲೆಕ್ಕ ಹೇಳ್ತೀನಿ ಕೇಳಿ, ಲೆಕ್ಕ ಬರೆಯೋದೇ ನನ್ನ ಕೆಲಸ. ಅಂಗಡಿ, ಹೋಟೆಲು, ಸಣ್ಣ ಕಾಂಟ್ರಾಕ್ಟರುಗಳ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನು. ಏಳು ಜನ ಇದ್ದೀವಿ. ಮೊದ್ಲು ಐದು ದಿನ, ದಿನಕ್ಕೆ ಎಂಟು ತಾಸು. ಈಗ ನಾಲ್ಕು ದಿನ, ದಿನಕ್ಕೆ ಹತ್ತು ತಾಸು. ಬೆಳಿಗ್ಗೆ ಒಂಬತ್ತಕ್ಕೆ ಕೂತ್ರೆ ಊಟದ ಅರ್ಧ ತಾಸು ಸೇರಿ ಏಳೂವರೆಗೆ ಏಳೋದು. ಮೊದ್ಲೂ ನಲವತ್ತು, ಈಗ್ಲೂ ನಲವತ್ತು.

ಇದನ್ನ ಶುರು ಮಾಡುವಾಗ ಸರ್ ನಮ್ಮನ್ನೆಲ್ಲ ಕೂರಿಸಿ ಪ್ರೆಸೆಂಟೇಶನ್ ತೋರಿಸಿದ್ರು. ಐಸ್‌ಲ್ಯಾಂಡಲ್ಲಿ 2015ರಿಂದ 2019ರ ತನಕ ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಮೇಲೆ ಕೆಲಸದ ವಾರ ಚಿಕ್ಕದು ಮಾಡೋ ಪ್ರಯೋಗ ಮಾಡಿದ್ರು. 2022ರಲ್ಲಿ ಬ್ರಿಟನ್ನಿನ 61 ಕಂಪನಿಗಳು ನಾಲ್ಕು ದಿನದ ವಾರವನ್ನ ಆರು ತಿಂಗಳು ನಡೆಸಿ ನೋಡಿದ್ವು, 56 ಕಂಪನಿಗಳು ಅದನ್ನೇ ಮುಂದುವರಿಸಿದ್ವು. ಎಲ್ಲಾ ಖರೆ. ಆದ್ರೆ ಐಸ್‌ಲ್ಯಾಂಡಿನವರು ನಲವತ್ತು ತಾಸನ್ನ 35, 36ಕ್ಕೆ ಇಳಿಸಿದ್ರು, ಸಂಬಳ ಕಡಿಮೆ ಮಾಡ್ಲಿಲ್ಲ. ಬ್ರಿಟನ್ನಲ್ಲೂ ತಾಸು ಕಡಿಮೆ, ಸಂಬಳ ಪೂರ್ತಿ. ನಮ್ಮ ಥರ ಅಷ್ಟೂ ತಾಸನ್ನ ನಾಲ್ಕು ದಿನಕ್ಕೆ ತುರುಕೋದು ಬೆಲ್ಜಿಯಂ ಪದ್ಧತಿ, 2022ರಲ್ಲಿ ಅಲ್ಲಿ ಅದಕ್ಕೆ ಕಾನೂನೇ ಬಂತು. ನಮ್ಮ ಕರ್ನಾಟಕದಲ್ಲೂ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48 ತಾಸು ದಾಟದ ಹಾಗೆ ದಿನಕ್ಕೆ 12ರ ತನಕ ದುಡಿಸ್ಬಹುದು ಅಂತ ಮಾಡಿದ್ರು. ನಮ್ಮ ಸರ್ ತೋರಿಸಿದ್ದು ಐಸ್‌ಲ್ಯಾಂಡ್, ಕೊಟ್ಟಿದ್ದು ಬೆಲ್ಜಿಯಂ. ಅವತ್ತು ನನಗಿದು ಹೊಳೀಲಿಲ್ಲ. ಶುಕ್ರವಾರ ರಜೆ ಅಂದಿದ್ದೇ ಮೊದಲು ಚಪ್ಪಾಳೆ ಹೊಡೆದವಳು ನಾನೇ.

ಈಗ ಬಸ್ಸಿನ ಕಿಟಕಿ ಕಾಣ್ತಿದೆ ನೋಡಿ, ಇದು ಶುಕ್ರವಾರ ಬೆಳಿಗ್ಗೆ. ಗುರುವಾರ ರಾತ್ರಿನೇ ಊರಿಗೆ ಹೊರಡೋಣ ಅಂದ್ರೆ ಏಳೂವರೆಗೆ ಬಿಟ್ಟು ಯಾವ ಬಸ್ ಹಿಡೀಲಿ? ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿ, ಅಲ್ಲಿಂದ ನಮ್ಮ ಹಳ್ಳಿಗೆ ಇನ್ನೊಂದು ಬಸ್ಸು. ರಜೆಯ ಅರ್ಧ ದಿನ ಇದೇ ಸೀಟಲ್ಲಿ ನಿದ್ದೆ ಮಾಡಿ ಮುಗಿಯತ್ತೆ. ಬಾಯಿ ತೆಗೆದು ಮಲಗಿರೋ ಕ್ಲಿಪ್ಪೂ ಇತ್ತು, ತಮ್ಮ ತೆಗೆದದ್ದು. ಅದನ್ನ ಹಾಕಿಲ್ಲ.

ಮನೆಗೆ ಹೋದ್ರೆ ಈ ಸಲ ಅಡಿಕೆ ಸುಲಿಯೋ ಗಡಿಬಿಡಿ. ಆಯಿ, ಅಂದ್ರೆ ಅಮ್ಮ, ನನ್ನ ಬ್ಯಾಗ್ ಇಳಿಸೋಕೂ ಬಿಡ್ಲಿಲ್ಲ. "ಕೂಸೆ, ನೀ ಶುಕ್ರವಾರ ಬತ್ತೆ ಅಂದ್ರೆ ಒಂದು ಆಳು ಕಮ್ಮಿ ಹೇಳ್ಲಕ್ಕು" ಅಂತ ಮೆಟ್ಟಗತ್ತಿ ಮುಂದೆ ಕೂರಿಸಿದ್ಲು. ಕೈ ನೋಡಿ, ಹೆಬ್ಬೆರಳಿನ ಹತ್ರ ಅಡಿಕೆ ಚೊಗರು. ಸೋಮವಾರ ಕೀಬೋರ್ಡ್ ಮೇಲೂ ಇದೇ ಕಲೆ. ಬೇಜಾರು ಅಂತ ಹೇಳ್ತಿಲ್ಲ. ಅಡಿಕೆ ಬೇಯಿಸೋ ಹಂಡೆ ಪಕ್ಕ ಕೂತು ಆಯಿ ಜೊತೆ ಎರಡು ತಾಸು ಊರ ಸುದ್ದಿ ಮಾತಾಡಿದ್ದು ವರ್ಷಗಳ ಮೇಲೆ. ಮೊದ್ಲು ಶನಿವಾರ ಮಧ್ಯಾಹ್ನ ಬಂದು ಭಾನುವಾರ ಮಧ್ಯಾಹ್ನ ಹೊರಡ್ತಿದ್ದೆ, ಆಯಿ ಮಾತಿಗೆ ಶುರು ಮಾಡೋ ಹೊತ್ತಿಗೆ ನಾನು ಚಪ್ಪಲಿ ಹುಡುಕ್ತಿದ್ದೆ.

ಆಫೀಸಲ್ಲಿ ಎಲ್ಲರ ಲೆಕ್ಕವೂ ಒಂದೇ ಅಲ್ಲ. ಅಂಕೋಲೆಯಿಂದ ದಿನಾ ಬಂದು ಹೋಗೋ ಹುಡುಗ ಇದಕ್ಕಾಗಿ ಪ್ರಾಣ ಬಿಡ್ತಾನೆ. ವಾರದಲ್ಲಿ ಒಂದು ದಿನದ ಬಸ್ ಚಾರ್ಜೂ ಎರಡು ತಾಸೂ ಉಳೀತು ಅಂತ. ನನ್ನ ಪಕ್ಕದ ಟೇಬಲ್ ಅಕ್ಕನದ್ದು ಉಲ್ಟಾ. ಮಗಳು ಮೂರನೇ ಕ್ಲಾಸು. ಶಾಲೆ ಬಿಟ್ಟು ಬಂದವಳು ಅಮ್ಮ ಬರೋ ತನಕ ಪಕ್ಕದ್ಮನೇಲಿ ಕೂರ್ಬೇಕು. ಅಕ್ಕನಿಗೆ ರಜೆ ಇರೋ ಶುಕ್ರವಾರ ಮಗಳಿಗೆ ಶಾಲೆ. "ಖಾಲಿ ಮನೆ ಒರೆಸೋಕೆ ರಜೆ ತಗೊಂಡಂಗಾಯ್ತು" ಅಂದ್ಲು. ಮೂರು ತಿಂಗಳಾದ ಮೇಲೆ ಕೇಳ್ಕೊಂಡು ಐದು ದಿನಕ್ಕೇ ವಾಪಸ್ ಹೋದ್ಲು. ಅವಳು ಹೇಳೋವರೆಗೆ ಈ ವಿಷಯ ನಮ್ಮ ಯಾರ ತಲೆಗೂ ಬಂದಿರ್ಲಿಲ್ಲ, ನಾಚಿಕೆಗೇಡು.

ಇನ್ನು ಜಿಎಸ್‌ಟಿ ಪೋರ್ಟಲ್ಲಿಗೆ ನಮ್ಮ ರಜೆ ಗೊತ್ತಿಲ್ಲ. ಆರ್-ಒನ್ ಅನ್ನೋ ಮಾರಾಟದ ರಿಟರ್ನಿಗೆ ತಿಂಗಳ 11 ಕೊನೇ ದಿನ, ತ್ರೀ-ಬಿ ಅನ್ನೋ ತೆರಿಗೆ ಕಟ್ಟೋ ರಿಟರ್ನಿಗೆ 20. ಮೊನ್ನೆ ಫೆಬ್ರವರಿ 20 ಶುಕ್ರವಾರವೇ ಬಿತ್ತು. ನಾನು ಅಡಿಕೆ ರಾಶಿ ಮುಂದೆ, ಫೋನು ತೊಡೆ ಮೇಲೆ. ಒಬ್ಬ ಗಿರಾಕಿ ಚಲನ್ ಹಣ ಕಟ್ಟಿರ್ಲಿಲ್ಲ, ಇನ್ನೊಬ್ರಿಗೆ ಒಟಿಪಿ ಬರ್ತಿರ್ಲಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ತೋಟದ ದಣಪೆ, ಅಂದ್ರೆ ಬೇಲಿ ಬಾಗಿಲ ಹತ್ರ ಮಾತ್ರ. ಹನ್ನೊಂದು ಸಲ ಓಡಿದ್ದೀನಿ ಅವತ್ತು.

ಈಗ ತೋರಿಸ್ತಿರೋ ನೋಟ್‌ಬುಕ್ ನಂದೇ. ಹೆಸರುಗಳ ಮೇಲೆ ಬೆರಳಿಟ್ಟಿದ್ದೀನಿ, ಕ್ಷಮಿಸಿ. ನವೆಂಬರಲ್ಲಿ ಒಂದು ಖರೀದಿ ಬಿಲ್ಲು 18,900 ಇದ್ದದ್ದನ್ನ 81,900 ಅಂತ ಹೊಡೆದಿದ್ದೆ. ಟೂ-ಬಿ, ಅಂದ್ರೆ ಪೋರ್ಟಲ್ ಕೊಡೋ ಖರೀದಿ ಪಟ್ಟಿ ಜೊತೆ ತಾಳೆ ನೋಡುವಾಗ ಸಿಕ್ಕಿಬಿತ್ತು. ಎಂಟ್ರಿ ಹಾಕಿದ ಹೊತ್ತು ನೋಡಿದ್ರೆ ಸಂಜೆ ಆರೂ ಐವತ್ತು. ಅವತ್ತಿಂದ ಪ್ರತಿ ತಪ್ಪಿನ ಪಕ್ಕ ಗಂಟೆ ಬರೀತಾ ಬಂದೆ. ಮೂರು ತಿಂಗಳಲ್ಲಿ 23 ತಪ್ಪು, ಅದ್ರಲ್ಲಿ 16 ಸಂಜೆ ಆರರ ಮೇಲಿನವು. ನನ್ನೊಬ್ಬಳ ನೋಟ್‌ಬುಕ್ಕು, ಅಧ್ಯಯನ ಗಿಧ್ಯಯನ ಅಂತ ಹೇಳೋಲ್ಲ. ಆದ್ರೆ ಸಂಜೆ ಕೆಡಿಸಿದ್ದನ್ನ ಬೆಳಿಗ್ಗೆ ಕೂತು ಸರಿ ಮಾಡೋ ಹೊತ್ತೂ ಹತ್ತು ತಾಸಲ್ಲೇ ಬರತ್ತಲ್ಲ.

ಆರು ತಿಂಗಳ ಪ್ರಯೋಗ ಈ ತಿಂಗಳಿಗೆ ಮುಗೀತು. ಸರ್ ಒಂದು ಚೀಟಿ ಕೊಟ್ರು, ಬೇಕು ಅಥವಾ ಬೇಡ, ಟಿಕ್ ಹಾಕಿ ಅಂತ. ನಾನು ಎರಡಕ್ಕೂ ಹಾಕ್ಲಿಲ್ಲ. ಕೆಳಗೆ ಬರೆದೆ: "ನಾಲ್ಕೇ ದಿನ ಇರಲಿ, ಒಂಬತ್ತು ತಾಸು ಮಾಡಿ. 20ನೇ ತಾರೀಕಿಗೆ ಬೀಳೋ ಶುಕ್ರವಾರ ಬರ್ತೀವಿ. ಅಕ್ಕನಿಗೆ ಬೇಕಾದ ಹಾಗೆ ಬಿಡಿ."

ಸರ್ ಓದಿದ್ರು. "ವಾರಕ್ಕೆ ನಾಲ್ಕು ತಾಸು ಕಮ್ಮಿ ಆಯ್ತಲ್ಲೇ, ಆ ಕೆಲಸ ಯಾರು ಮಾಡ್ತಾರೆ?"

ನೋಟ್‌ಬುಕ್ ಮುಂದಿಟ್ಟೆ. ನಿಂತಲ್ಲೇ ಎರಡು ಪುಟ ತಿರುವಿದ್ರು. ಆಮೇಲೆ ಕನ್ನಡಕ ಹಾಕ್ಕೊಂಡು ಕೂತ್ರು. ನೋಟ್‌ಬುಕ್ ಇನ್ನೂ ಅವರ ಟೇಬಲ್ ಮೇಲೇ ಇದೆ.